ತಡಕೋ ಎಂದದ್ದಕ್ಕೆ ಮೊದಲು ಕ್ಷಮೆ ಕೇಳಿ

ಪ್ರಶ್ನೆ: ನಾನು ಗೋಕಾಕ ಕಡೆಯವನು. ಎರಡು ವರ್ಷದಿಂದ ಸಭೆಯ ಹಿರಿಯನಾಗಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಚದುರಿದ ನಲವತ್ತು ಮನೆಗಳಿವೆ. ಸಭಾಪಾಲಕರು ತಿಂಗಳಿಗೆ ಎರಡು ಸಲ ಬರುತ್ತಾರೆ, ಉಳಿದದ್ದೆಲ್ಲ ನನ್ನ ತಲೆಯ ಮೇಲೆ. ಕ್ರಿಸ್‌ಮಸ್‌ಗೆ ಮುಂಚೆ ಹುಕ್ಕೇರಿ ಕಡೆಯ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಆ ತಂಗಿ ಎಡಗೈಯಲ್ಲಿ ಚಹಾ ಕೊಟ್ಟಳು. ಬಲಗೈ ಮಣಿಕಟ್ಟಿಗೆ ಅರಿಶಿನದ ಬಟ್ಟೆ ಕಟ್ಟಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಣ್ಣಾರ, ಕುಡದ ಬಂದು ಹೊಡೀತಾನ್ರಿ. ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. "ತಡಕೋವಾ, ಪ್ರಾರ್ಥನಾ ಮಾಡು" ಎಂದು ಹೇಳಿ ಬಂದುಬಿಟ್ಟೆ. ಅವಳ ಗಂಡ ನಮ್ಮ ಕಮಿಟಿಯಲ್ಲಿದ್ದಾನೆ, ಚರ್ಚಿನ ಕಾಂಪೌಂಡಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟವನು. ಆಮೇಲೆ ಐದು ಭಾನುವಾರ ಅವಳು ಆರಾಧನೆಗೆ ಬಂದಿಲ್ಲ. ಅವನಿಗೆ ಬುದ್ಧಿ ಹೇಳಲೇ, ಸುಮ್ಮನಿರಲೇ?

ಉತ್ತರ: ಸಹೋದರರೇ, ಆ ಬಟ್ಟೆಯನ್ನು ನೀವು ನೋಡಿದಿರಿ, ಎಡಗೈಯನ್ನೂ ನೋಡಿದಿರಿ. ಇಷ್ಟು ದಿನ ಮರೆತಿಲ್ಲ. ಈ ಕೆಲಸಕ್ಕೆ ಬೇಕಾದ ಕಣ್ಣು ನಿಮಗಿದೆ. ಆದರೆ ಅಂದು ನೀವು ಆಡಿದ ಮಾತು ತಪ್ಪು. ಹೊಡೆತ ತಿಂದವಳಿಗೆ ತಡಕೋ ಎಂದರೆ ದೇವರೇ ಹಾಗೆ ಹೇಳಿದಂತೆ ಅವಳ ಕಿವಿಗೆ ಬೀಳುತ್ತದೆ, ಯಾಕೆಂದರೆ ಹೇಳಿದವರು ಸಭೆಯ ಹಿರಿಯರು. ಅವಳು ಆರಾಧನೆ ಬಿಟ್ಟದ್ದು ಈ ಮಾತಿನಿಂದಲೋ, ಗಂಡನ ತಡೆಯಿಂದಲೋ, ಮುಖದ ಮೇಲಿನ ಹೊಸ ಗಾಯದಿಂದಲೋ, ಇಲ್ಲಿ ಕೂತು ಊಹಿಸುವುದು ಬೇಡ. ಹೋಗಿ ನೋಡಬೇಕು.

ಗಂಡನಿಗೆ ಬುದ್ಧಿ ಹೇಳಲು ಮಾತ್ರ ಈಗ ಹೋಗಬೇಡಿ. ಹೆಂಡತಿ ಹೊರಗೆ ಬಾಯಿ ಬಿಟ್ಟಳೆಂದು ಗೊತ್ತಾದ ರಾತ್ರಿ ಹೊಡೆತ ಹೆಚ್ಚುತ್ತದೆ. ನೀವು ಮಾತು ಮುಗಿಸಿ ಮನೆಗೆ ಬರುತ್ತೀರಿ, ಅವಳು ಅಲ್ಲೇ ಇರುತ್ತಾಳೆ. ಇಬ್ಬರನ್ನೂ ಎದುರುಬದುರು ಕೂಡಿಸಿ ರಾಜಿ ಮಾಡಿಸುವುದೂ ಬೇಡ. ಗಂಡನ ಮುಂದೆ ಅವಳು ನಿಜ ಹೇಳಲಾರಳು.

ನಿಮ್ಮ ಮನೆಯವರನ್ನು ಕರೆದುಕೊಂಡು, ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹೋಗಿ. ಮೊದಲು ಕ್ಷಮೆ ಕೇಳಿ: "ಅವತ್ತು ನಾ ಹೇಳಿದ್ದು ತಪ್ಪಾತವಾ." ಆಮೇಲೆ ಕೇಳಬೇಕಾದ್ದನ್ನು ಹೆಣ್ಣುಮಗಳಾಗಿ ನಿಮ್ಮ ಮನೆಯವರೇ ಕೇಳಲಿ. ಕುತ್ತಿಗೆ ಹಿಚುಕಿದ್ದಾನೆಯೇ, ಕೊಲ್ಲುತ್ತೇನೆ ಅಂದಿದ್ದಾನೆಯೇ, ಮಕ್ಕಳ ಮೇಲೂ ಕೈ ಮಾಡುತ್ತಾನೆಯೇ, ರಾತ್ರೋರಾತ್ರಿ ಹೊರಡಬೇಕಾದರೆ ಯಾರ ಮನೆ ಇದೆ. ಮೊದಲ ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಗುಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಜೀವಕ್ಕೆ ಅಪಾಯವಿದ್ದಾಗ ಸುಮ್ಮನಿರುವುದು ಗುಟ್ಟು ಕಾಯುವುದಲ್ಲ. ಅದನ್ನು ಅವಳಿಗೇ ಮೊದಲು ಹೇಳಿ, ನಂತರ ಹೆಜ್ಜೆ ಇಡಿ. 112 ಪೊಲೀಸರ ನೆರವಿಗೆ, 181 ಮಹಿಳಾ ಸಹಾಯವಾಣಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಲ್ಲಿ ಹಿಂಸೆ ನಡೆಯುತ್ತಿದೆಯೆಂದು ತಿಳಿದ ಯಾರೇ ಆದರೂ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಹೊಣೆ ಬರುವುದಿಲ್ಲ. ತಾಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಅಂಥ ಅಪಾಯವಿಲ್ಲದಿದ್ದರೆ ಮುಂದಿನದು ಅವಳ ತೀರ್ಮಾನ. ಯಾರ ಮುಂದೂ ಹೇಳಬೇಡಿ ಎಂದವಳು ಬಹುಮಟ್ಟಿಗೆ ಹೇಳುವುದು, ಅವನ ಕಿವಿಗೆ ಬೀಳದಿರಲಿ ಎಂದು. ಸಭಾಪಾಲಕರಿಗೆ ತಿಳಿಸಲೇ ಎಂದು ಅವಳನ್ನೇ ಕೇಳಿ. ಒಪ್ಪಿದರೆ ಅವರಿಗೊಬ್ಬರಿಗೇ ತಿಳಿಸಿ, ಕಮಿಟಿಯ ಮುಂದೆ ಇಡಬೇಡಿ.

ಕಾಂಪೌಂಡಿನ ಮಾತು ನೀವೇ ಬರೆದಿದ್ದೀರಿ, ಅಂದರೆ ನಿಮ್ಮನ್ನು ಅದು ಚುಚ್ಚುತ್ತಿದೆ. ಇಲ್ಲೊಂದು ಹಳೆಯ ಸಂಗತಿ ನೆನಪಾಗುತ್ತದೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ಶುರುಮಾಡಿದ ಕೆಲಸ ಮುಂದೆ ಮೆಥೋಡಿಸ್ಟರ ಕೈಗೆ ಬಂತು. ಆ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಜನರನ್ನು ಸುಮಾರು ಹನ್ನೆರಡರ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬರು ವಾರಕ್ಕೊಂದು ಪೆನ್ನಿಯಂತೆ ಎತ್ತಬೇಕೆಂದು ಗೊತ್ತುಮಾಡಿದರು. ಹಣಕ್ಕೆಂದು ಮನೆಮನೆಗೆ ಹೋದವರಲ್ಲೊಬ್ಬರು ಬಂದು, ಒಬ್ಬ ಹೆಂಡತಿಯೊಡನೆ ಜಗಳವಾಡುತ್ತಿದ್ದ ಎಂದು ಹೇಳಿದರು. ಇನ್ನೊಬ್ಬ ಕುಡಿದಿದ್ದನೆಂಬ ಸುದ್ದಿಯೂ ಬಂತು. ಸಭೆಗೆ ಬೇಕಾದದ್ದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಹಣ ಎತ್ತಲು ಹೋದವರು ಮನೆಯವರ ಕಷ್ಟಸುಖ ನೋಡುವವರಾದರು. ನೀವು ಹೊತ್ತಿರುವ ಕೆಲಸವೂ ಅದೇ. ಆ ಮನೆಯಿಂದ ಬಂದ ಹಣ ನಿಮ್ಮ ಬಾಯಿ ಕಟ್ಟುವಂತಿದ್ದರೆ ಆ ಹಣವನ್ನೇ ವಾಪಸು ಕೊಡಿ.

ನಲವತ್ತು ಮನೆ ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ತಂಟೆ ಕೇಳುತ್ತಿದ್ದ ಮೋಶೆಗೆ, ಭಾರ ಹಂಚಿಕೋ ಎಂದು ಮಾವ ಇತ್ರೋ ಹೇಳಿದ ಕಥೆ ನಿಮಗೆ ಗೊತ್ತೇ ಇದೆ. ಪ್ರತಿ ತಾಲೂಕಿಗೆ ಕನಿಷ್ಠ ಒಬ್ಬ ಹೆಣ್ಣುಮಗಳು ಈ ಭೇಟಿಗಳಿಗೆ ಬೇಕೆಂದು ಸಭಾಪಾಲಕರ ಮುಂದೆ ಇಡಿ. ಎಷ್ಟೋ ಮಾತು ಗಂಡಸರ ಮುಂದೆ ಬಾಗಿಲ ತನಕ ಬರುತ್ತದೆ, ಅಲ್ಲೇ ನಿಲ್ಲುತ್ತದೆ.

ಈ ಉತ್ತರ ಓದಿದ ವಾರವೇ ಹೋಗಿ. ಆರನೆಯ ಭಾನುವಾರಕ್ಕೆ ಕಾಯಬೇಡಿ.