ಕಿಬ್ಬೊಟ್ಟೆ ನೋವು: ಯಾವಾಗ ಕಾಯಬಹುದು, ಯಾವಾಗ ಓಡಬೇಕು?



ರಂಗಂಪೇಟೆಯ ಒಂದು ಸಂಘದ ವಾರದ ಸಭೆ. ಉಳಿತಾಯ ಎಣಿಸಿ, ಪುಸ್ತಕ ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಸೆರಗಿನ ಮರೆಯಿಂದ ಸ್ಕ್ಯಾನಿಂಗ್ ಚೀಟಿ ತೆಗೆದು ನಮ್ಮ ಕೈಗೆ ಕೊಟ್ಟರು. "ಸಿಸ್ಟರ್, ಇದ್ರಾಗ ಗಡ್ಡಿ ಅಂತ ಬರದಾರಂತ್ರೀ. ಕ್ಯಾನ್ಸರ್ ಏನ್ರೀ? ಗರ್ಭಚೀಲ ತಗಿಸ್ಬೇಕೇನ್ರೀ?" ನೋಡಿದರೆ, ಎಡಗಡೆಯ ಅಂಡಾಶಯದಲ್ಲಿ 3 ಸೆಂಟಿಮೀಟರ್ ನೀರುಗುಳ್ಳೆ. ಎರಡು ವಾರದಿಂದ ಅವರು ನಿದ್ದೆಗೆಟ್ಟಿದ್ದರು. ಪಕ್ಕದಲ್ಲೇ ಕುಳಿತವರ ಕಥೆ ಬೇರೆ. ಅವರಿಗೆ ನಿಜವಾಗಿ ಓಡಬೇಕಾದ ನೋವು ಬಂದಾಗ ಮೂರು ದಿನ ಮನೆಯಲ್ಲೇ ಮಲಗಿದ್ದರು. ಈ ಸಲದ ಪಾಠ ಇವರಿಬ್ಬರನ್ನೂ ನೆನೆದು ಬರೆದದ್ದು.

ಗರ್ಭಕೋಶದ ಎರಡೂ ಪಕ್ಕ ಬಾದಾಮಿ ಆಕಾರದ ಒಂದೊಂದು ಅಂಡಾಶಯ ಇರುತ್ತದೆ. ತಿಂಗಳಿಗೊಮ್ಮೆ ಅದರಲ್ಲಿ ನೀರು ತುಂಬಿದ ಸಣ್ಣ ಗುಳ್ಳೆ ಬೆಳೆದು, ಒಡೆದು, ಅಂಡಾಣು ಹೊರಗೆ ಬರುತ್ತದೆ. ಕೆಲವು ಸಲ ಗುಳ್ಳೆ ಒಡೆಯದೆ ದೊಡ್ಡದಾಗುತ್ತದೆ, ಇಲ್ಲವೇ ಒಡೆದ ಮೇಲೆ ಮತ್ತೆ ಮುಚ್ಚಿಕೊಂಡು ತುಂಬುತ್ತದೆ. ಮುಟ್ಟಾಗುವ ವಯಸ್ಸಿನವರಲ್ಲಿ ಕಾಣುವ ಹೆಚ್ಚಿನ ಗುಳ್ಳೆಗಳು ಇಂಥವೇ. ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ತಾವಾಗಿಯೇ ಕರಗುತ್ತವೆ. ಬೇರೆ ಜಾತಿಯವೂ ಇವೆ, ಅವನ್ನು ಡಾಕ್ಟರು ಸ್ಕ್ಯಾನಿಂಗ್‌ನಲ್ಲಿ ಗುರುತಿಸಿ ಹೇಳುತ್ತಾರೆ. ಕಿಬ್ಬೊಟ್ಟೆಯಲ್ಲಿ ಸ್ವಲ್ಪ ಭಾರ, ಮುಟ್ಟಿನ ಮುಂಚೆ ಮಂದ ನೋವು ಇದ್ದರೆ ತುರ್ತಲ್ಲ. ಬಿಡುವು ಮಾಡಿಕೊಂಡು ತೋರಿಸಿ, ಹೇಳಿದ ದಿನಕ್ಕೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗುಳ್ಳೆ ಇರುವುದು ಅಂಡಾಶಯದಲ್ಲಿ, ಗರ್ಭಕೋಶದಲ್ಲಿ ಅಲ್ಲ. 2017ರಲ್ಲಿ ಕಲಬುರಗಿಯಲ್ಲಿ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಹೊಟ್ಟೆನೋವು, ಬಿಳಿ ಹೋಗುವುದು ಅಂತ ಹೋದವರಿಗೆ ಕ್ಯಾನ್ಸರ್ ಹೆದರಿಕೆ ಹಾಕಿ, ಬೇಕಿಲ್ಲದೆ ಗರ್ಭಕೋಶ ತೆಗೆದಿದ್ದರು ಎಂಬುದೇ ಅವರ ದೂರು. ಆದ್ದರಿಂದ "ನಾಳೆಯೇ ತೆಗೆಸು" ಅಂದರೆ, ಜೀವಕ್ಕೆ ಅಪಾಯದ ಲಕ್ಷಣ ಇಲ್ಲದಿದ್ದಾಗ, ಚೀಟಿ ಹಿಡಿದು ಇನ್ನೊಬ್ಬ ಹೆರಿಗೆ ಡಾಕ್ಟರನ್ನು ಕೇಳಿ. ಹಾಗಂತ ಎಲ್ಲ ಆಪರೇಷನ್ನೂ ಮೋಸ ಅಂತ ಕುಳಿತರೆ ಇನ್ನೊಂದು ಅನಾಹುತ.

ಆ ಎರಡನೆಯ ಸಹೋದರಿಗೆ ಹಾಗೇ ಆಯಿತು. ಹತ್ತಿ ಬಿಡಿಸುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಚೂರಿ ಹಾಕಿದ ಹಾಗೆ ನೋವು ಬಂತು. ಅಲ್ಲೇ ಸಾಲಿನಲ್ಲಿ ಕುಳಿತು ವಾಂತಿ ಮಾಡಿದರು. "ಗ್ಯಾಸ್ ಆಗಿರ್ಬೇಕು" ಅಂದರು ಒಬ್ಬರು, "ಹೊಕ್ಕಳ ಸರಿದದ" ಅಂತ ಅತ್ತೆ ಎಣ್ಣೆ ಹಚ್ಚಿ ತಿಕ್ಕಿಸಿದರು. ಸಂಜೆ ಊರಿನಲ್ಲಿ ಒಂದು ಇಂಜೆಕ್ಷನ್. ರಾತ್ರಿ ನೋವು ತಗ್ಗಿತು, ಎಲ್ಲರೂ ವಾಸಿಯಾಯಿತು ಅಂದುಕೊಂಡರು. ಬೆಳಿಗ್ಗೆ ಮತ್ತೆ ಅದೇ ನೋವು, ವಾಂತಿ. ಮೂರನೇ ದಿನ ಕಲಬುರಗಿಗೆ ಒಯ್ದಾಗ ಅಂಡಾಶಯ ಕಪ್ಪಾಗಿತ್ತು, ತೆಗೆಯಬೇಕಾಯಿತು.

ಆದದ್ದೇನೆಂದರೆ, ಗುಳ್ಳೆಯ ಭಾರಕ್ಕೆ ಅಂಡಾಶಯ ತನ್ನ ಬಳ್ಳಿಯ ಮೇಲೆ ತಿರುಚಿಕೊಂಡಿತ್ತು. ಕಾಯಿ ಹಿಡಿದು ತಿರುವಿದರೆ ತೊಟ್ಟು ಮುರುಟಿದಂತೆ ರಕ್ತದ ನಾಳ ಕಟ್ಟಿಹೋಗುತ್ತದೆ. ಗುಳ್ಳೆ 5 ಸೆಂಟಿಮೀಟರ್ ದಾಟಿದವರಲ್ಲಿ ಈ ಭಯ ಹೆಚ್ಚು, ಆದರೆ ಚಿಕ್ಕದಿದ್ದರೂ ಆಗಬಹುದು. ಬಸುರಿಯರಲ್ಲೂ, ಮದುವೆಯಾಗದ ಹುಡುಗಿಯರಲ್ಲೂ ಆಗುತ್ತದೆ. ಒಂದು ಪಕ್ಕಕ್ಕೆ ಥಟ್ಟನೆ ಬಂದ ಜೋರು ನೋವು, ಜೊತೆಗೆ ವಾಂತಿ, ಇದೇ ಮುಖ್ಯ ಗುರುತು. ನೋವು ಬಂದು ಹೋಗಿ ಮಾಡಬಹುದು, ತಗ್ಗಿತೆಂದು ನಂಬಬೇಡಿ. ಬೇಗ ಹೋದರೆ ತಿರುಚಿದ್ದನ್ನು ಬಿಚ್ಚಿ ಅಂಡಾಶಯ ಉಳಿಸುತ್ತಾರೆ. ಇಲ್ಲಿ ಲೆಕ್ಕ ಗಂಟೆಯದು, ದಿನದ್ದಲ್ಲ. (ಆ ಸಹೋದರಿಯನ್ನು ಓಣಿಯಲ್ಲಿ "ಇನ್ನ ಮಕ್ಕಳಾಗಂಗಿಲ್ಲ" ಅಂತ ಆಡಿಕೊಂಡರು. ಅದು ಸುಳ್ಳು. ಇನ್ನೊಂದು ಅಂಡಾಶಯ ಚೆನ್ನಾಗಿದ್ದರೆ ಮುಟ್ಟೂ ಆಗುತ್ತದೆ, ಬಸಿರೂ ನಿಲ್ಲಬಹುದು.)

ಗುಳ್ಳೆ ಒಡೆದಾಗಲೂ ನೋವು ಬರುತ್ತದೆ. ಭಾರ ಎತ್ತಿದಾಗ ಅಥವಾ ಗಂಡನ ಜೊತೆ ಕೂಡಿದಾಗ ಶುರುವಾಗಬಹುದು. ಬಹಳ ಸಲ ಒಂದೆರಡು ದಿನದಲ್ಲಿ ಇಳಿಯುತ್ತದೆ, ಆದರೂ ಜೋರು ನೋವಾದರೆ ಡಾಕ್ಟರಿಗೆ ತೋರಿಸಿಯೇ ನಿಶ್ಚಿಂತೆ. ಒಳಗೆ ರಕ್ತ ಸೋರುತ್ತಿದ್ದರೆ ತಲೆ ಸುತ್ತುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ, ಮೈ ತಣ್ಣಗೆ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಗಟ್ಟಿಯಾಗಿ ಉಬ್ಬುತ್ತದೆ, ಹೆಗಲ ತುದಿಗೂ ನೋವು ಬರಬಹುದು. ಇದು ಒಂದು ನಿಮಿಷವೂ ಕಾಯುವ ಮಾತಲ್ಲ. ಮುಟ್ಟು ತಪ್ಪಿದವರಿಗೆ ಹೀಗಾದರೆ ನಾಳದಲ್ಲಿ ಬಸಿರು ನಿಂತು ಒಡೆದಿರಬಹುದು. ಟ್ಯೂಬೆಕ್ಟಮಿ ಆದವರಿಗೂ ಅಪರೂಪಕ್ಕೆ ಹೀಗಾಗುತ್ತದೆ. ಅದಕ್ಕೇ ಕೊನೆಯ ಮುಟ್ಟಿನ ದಿನ ಡಾಕ್ಟರಿಗೆ ತಪ್ಪದೆ ಹೇಳಿ, ನಾಚಿಕೆ ಬೇಡ. ಕಿಬ್ಬೊಟ್ಟೆ ನೋವಿನ ಜೊತೆ ಜ್ವರ ಬಂದರೂ ಅಂದೇ ಹೋಗಬೇಕು.

ಮುಟ್ಟು ನಿಂತ ಮೇಲೆ ಗುಳ್ಳೆ ಕಂಡರೆ, ಹೊಟ್ಟೆ ಉಬ್ಬುತ್ತಾ ಊಟ ಸೇರದಿದ್ದರೆ, ನೋವಿಲ್ಲದಿದ್ದರೂ ತಡಮಾಡದೆ ತೋರಿಸಿ. ಆ ವಯಸ್ಸಿನಲ್ಲಿ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ನಾವು ನೋಡಿದ ಹಾಗೆ ತಡವಾಗುವುದು ದಾರಿಯಲ್ಲಿ ಅಲ್ಲ, ಮನೆಯ ಹೊಸ್ತಿಲಲ್ಲಿ. "ಯಜಮಾನ್ರು ಹೊಲದಿಂದ ಬರ್ಲಿ", "ಮಗ ಪುಣೆಯಿಂದ ರೊಕ್ಕ ಹಾಕ್ಲಿ", "ರಾತ್ರಿ ಹೆಂಗ ಹೋಗೋದು". 108ಕ್ಕೆ ಫೋನ್ ಮಾಡಲು ಯಾರ ಅಪ್ಪಣೆಯೂ ಬೇಡ, ರೊಕ್ಕವೂ ಬೇಡ. ರಂಗಂಪೇಟೆಯವರಿಗೆ ಸುರಪುರದ ತಾಲೂಕು ಆಸ್ಪತ್ರೆ ಹತ್ತಿರವೇ ಇದೆ. ಅಲ್ಲಿಂದ ಯಾದಗಿರಿಗೋ ಕಲಬುರಗಿಗೋ ಕಳಿಸಿದರೆ ಮನೆಗೆ ವಾಪಸ್ ಬಂದು ಯೋಚನೆ ಮಾಡಬೇಡಿ, ಹಾಗೇ ಹೊರಡಿ. ಹಳೇ ಸ್ಕ್ಯಾನಿಂಗ್ ಚೀಟಿ, ಬಿಪಿಎಲ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿ ಇಟ್ಟಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಆಪರೇಷನ್ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಊಟ, ಚಹಾ ಕೊಡಬೇಡಿ. ಹೊಟ್ಟೆ ತಿಕ್ಕಬೇಡಿ. ನೋವಿನ ಇಂಜೆಕ್ಷನ್ ಹಾಕಿಸಿ ಮನೆಯಲ್ಲಿ ಮಲಗಿಸಬೇಡಿ, ನೋವು ಮುಚ್ಚಿಹೋಗುತ್ತದೆ, ತಿರುಚಿದ್ದು ತಿರುಚಿದಂತೆಯೇ ಇರುತ್ತದೆ.

ಮುಂದಿನ ಸಭೆಯಲ್ಲಿ ಇವನ್ನು ಮಾತಾಡಿ, ಠರಾವು ಪುಸ್ತಕದಲ್ಲಿ ಬರೆಯಿರಿ: ರಾತ್ರಿ ಹೊತ್ತು ಸದಸ್ಯೆಗೆ ತುರ್ತು ಬಂದರೆ ಸಂಘದ ಹಣದಿಂದ ಎಷ್ಟು ರೂಪಾಯಿ, ಸಭೆ ಸೇರದೆಯೇ, ಯಾರು ಕೊಡಬೇಕು? ಜೊತೆಗೆ ಹೋಗುವ ಇಬ್ಬರು ಯಾರು? ಮನೆಯಲ್ಲಿ ಉಳಿದ ಸಣ್ಣ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?