ರಾಜನ ಹೆಸರು, ಮುನ್ಸಿಫರ ಸಹಿ
ಸಾಂವಿಧಾನಿಕ ರಾಜಪ್ರಭುತ್ವದಲ್ಲಿ ನ್ಯಾಯಾಂಗ: ನಮ್ಮ ಬೀದರ್ ಕಲಿಸುವ ಪಾಠ



ನಾವು ಕಾಮರ್ಸ್‌ನವರು. ಲೆಕ್ಕಶಾಸ್ತ್ರಕ್ಕೆ ಕೊಡುವ ಸಮಯದ ಕಾಲುಭಾಗವನ್ನೂ ರಾಜ್ಯಶಾಸ್ತ್ರಕ್ಕೆ ಕೊಡುವುದಿಲ್ಲ. ನ್ಯಾಯಾಂಗದ ಪಾಠ ಮಾಡುವಾಗ ಸರ್ ಒಂದು ಪ್ರಶ್ನೆ ಕೇಳಿದರು: "ರಾಜನಿರುವ ದೇಶದಲ್ಲಿ ನ್ಯಾಯಾಲಯ ಸ್ವತಂತ್ರವಾಗಿರಲು ಸಾಧ್ಯವೇ?" ನಾನು ಎದ್ದು ನಿಂತು "ಸಾಧ್ಯವಿಲ್ಲ ಸರ್, ರಾಜ ಹೇಳಿದ್ದೇ ನ್ಯಾಯ" ಎಂದೆ. ಸರ್ ನಕ್ಕು, "ಓದಿ ನೋಡಿ ಮತ್ತೆ ಹೇಳು" ಎಂದರು.

ನಾನು ಓದಿದ್ದು ಪುಸ್ತಕದಿಂದ ಮಾತ್ರ ಅಲ್ಲ, ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಕಾಗದದಿಂದಲೂ. ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ಸ್ವಲ್ಪ ಹೊಲ ಇದೆ. ಅಲ್ಲಿನ ಬಾವಿಗೆ ಹೋಗುವ ದಾರಿ ನಮ್ಮದಲ್ಲ ಎಂದು ಆಚೆ ಹೊಲದವರು ತಕರಾರು ತೆಗೆದಿದ್ದಾರೆ. ದಾವೆ ಈಗ ಔರಾದ್ ಸಿವಿಲ್ ನ್ಯಾಯಾಲಯದಲ್ಲಿದೆ. ದಾಖಲೆ ಹುಡುಕುವಾಗ ಅಬ್ಬಾಗೆ ಈ ಕಾಗದ ಸಿಕ್ಕಿತು. ಅದು ನಿಜಾಮರ ಕಾಲದ ಉರ್ದು ತೀರ್ಪು. ಅದನ್ನು ಅರ್ಥ ಮಾಡಿಕೊಳ್ಳಲು ಹೋಗಿ ನನಗೆ ಈ ಪಾಠ ಅರ್ಥವಾಯಿತು.

1. ಅರ್ಥ

ರಾಜಪ್ರಭುತ್ವ ಎರಡು ಬಗೆ. ರಾಜನ ಅಧಿಕಾರಕ್ಕೆ ಮಿತಿಯೇ ಇಲ್ಲದಿದ್ದರೆ ಅದು ನಿರಂಕುಶ ರಾಜಪ್ರಭುತ್ವ. ಸಂವಿಧಾನ ಮತ್ತು ಕಾನೂನು ಹಾಕಿದ ಗೆರೆಯೊಳಗೆ ರಾಜ ಇದ್ದರೆ ಅದು ಸಾಂವಿಧಾನಿಕ ರಾಜಪ್ರಭುತ್ವ. ಬ್ರಿಟನ್, ಜಪಾನ್ ಮತ್ತು ನಮ್ಮ ನೆರೆಯ ಭೂತಾನ್ ಎರಡನೆಯ ಬಗೆಗೆ ಉದಾಹರಣೆಗಳು.

ಒಂದು ರಾಜ್ಯ ಯಾವ ಬಗೆಯದು ಎಂದು ತಿಳಿಯಲು ಅದರ ನ್ಯಾಯಾಂಗಕ್ಕೆ ಮೂರು ಪ್ರಶ್ನೆ ಕೇಳಿದರೆ ಸಾಕು:

(ಅ) ನ್ಯಾಯಾಧೀಶರನ್ನು ಯಾರು ನೇಮಿಸುತ್ತಾರೆ?
(ಆ) ಅವರನ್ನು ಯಾರು ತೆಗೆಯಬಹುದು?
(ಇ) ಕೊನೆಯ ಮೇಲ್ಮನವಿ ಯಾರ ಮುಂದೆ ಹೋಗುತ್ತದೆ?

2. ಬ್ರಿಟನ್ನಿನ ಮಾದರಿ

ಬ್ರಿಟನ್ನಿನಲ್ಲಿ ಇಂದಿಗೂ ಕ್ರಿಮಿನಲ್ ಮೊಕದ್ದಮೆಗಳು ರಾಜನ ಹೆಸರಿನಲ್ಲೇ ನಡೆಯುತ್ತವೆ. ಆದರೆ ರಾಜ ತೀರ್ಪು ಕೊಡುವಂತಿಲ್ಲ. 1607ರಲ್ಲಿ ಒಂದನೇ ಜೇಮ್ಸ್ ದೊರೆ ತಾನೇ ಮೊಕದ್ದಮೆ ತೀರ್ಮಾನಿಸಬಹುದು ಎಂದಾಗ, ನ್ಯಾಯಾಧೀಶ ಎಡ್ವರ್ಡ್ ಕೋಕ್ ಅದು ಆಗದು, ಕಾನೂನು ಕಲಿತ ನ್ಯಾಯಾಧೀಶರೇ ತೀರ್ಮಾನಿಸಬೇಕು ಎಂದು ಎದುರು ನಿಂತರು. 1701ರ ಉತ್ತರಾಧಿಕಾರ ಕಾಯ್ದೆ, ನ್ಯಾಯಾಧೀಶರು ಸನ್ನಡತೆಯಿಂದ ಇರುವವರೆಗೆ ಹುದ್ದೆಯಲ್ಲಿ ಇರುತ್ತಾರೆ, ಸಂಸತ್ತಿನ ಎರಡೂ ಸದನಗಳು ಕೇಳಿಕೊಂಡರೆ ಮಾತ್ರ ಅವರನ್ನು ತೆಗೆಯಬಹುದು ಎಂಬ ನಿಯಮ ತಂದಿತು.

ಅಲ್ಲಿ ಕೊನೆಯ ಮೇಲ್ಮನವಿ ಬಹಳ ಕಾಲ ಸಂಸತ್ತಿನ ಲಾರ್ಡ್ಸ್ ಸಭೆಯಲ್ಲೇ ಇತ್ತು. 2005ರ ಸಂವಿಧಾನ ಸುಧಾರಣಾ ಕಾಯ್ದೆಯ ಪ್ರಕಾರ 2009ರ ಅಕ್ಟೋಬರ್‌ನಿಂದ 12 ನ್ಯಾಯಾಧೀಶರ ಪ್ರತ್ಯೇಕ ಸುಪ್ರೀಂ ಕೋರ್ಟ್ ಕೆಲಸ ಆರಂಭಿಸಿತು. ನೇಮಕದ ಆದೇಶ ಹೊರಡುವುದು ರಾಜನ ಹೆಸರಿನಲ್ಲಿ, ಆದರೆ ಹೆಸರನ್ನು ಆರಿಸುವುದು ಆಯ್ಕೆ ಆಯೋಗ. ಮೂರು ಪ್ರಶ್ನೆಗೂ ಉತ್ತರ ಹೀಗೆ: ಹೆಸರು ರಾಜನದು, ನಿರ್ಧಾರ ರಾಜನದಲ್ಲ.

3. ನಿಜಾಮರ ಕಾಲದ ಬೀದರ್

ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ಸಾಂವಿಧಾನಿಕ ರಾಜಪ್ರಭುತ್ವ ಆಗಿರಲಿಲ್ಲ. 1893ರಲ್ಲಿ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಕಾಲದಲ್ಲಿ 'ಕಾನೂನ್ಚಾ ಎ ಮುಬಾರಕ್' ಬಂದು ಶಾಸನ ಸಭೆ ಆಯಿತು. 1919ರಲ್ಲಿ ಏಳನೇ ನಿಜಾಮ ಉಸ್ಮಾನ್ ಅಲಿ ಖಾನ್ ಕಾರ್ಯಕಾರಿ ಮಂಡಳಿ ಮಾಡಿದರು. ಆದರೂ ಕೊನೆಯ ಮಾತು ನಿಜಾಮರ ಫರ್ಮಾನೇ.

ಮೊದಲು ತಾಲ್ಲೂಕಿನಲ್ಲಿ ಕಂದಾಯ ವಸೂಲಿ ಮಾಡುವ ತಹಸೀಲ್ದಾರರೇ ನ್ಯಾಯವನ್ನೂ ಹೇಳುತ್ತಿದ್ದರು. ಕಂದಾಯದ ಬಗ್ಗೆಯೇ ಜಗಳ ಇದ್ದರೆ ರೈತ ಯಾರ ಹತ್ತಿರ ಹೋಗಬೇಕು? ದೂರು ಯಾರ ಮೇಲೋ ತೀರ್ಪು ಹೇಳುವವರೂ ಅವರೇ. 1921ರ ಫರ್ಮಾನು ಇದನ್ನು ಬದಲಿಸಿತು. ನ್ಯಾಯದ ಕೆಲಸವನ್ನು ಕಂದಾಯ ಅಧಿಕಾರಿಗಳಿಂದ ಬೇರ್ಪಡಿಸಿ ನ್ಯಾಯಾಂಗ ಅಧಿಕಾರಿಗಳಿಗೆ ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಕಾಂಗ್ರೆಸ್ ಇದನ್ನೇ 1880ರ ದಶಕದಿಂದ ಕೇಳುತ್ತಿತ್ತು, ಅಲ್ಲಿ ಅದು ಇನ್ನೂ ಬೇಡಿಕೆಯಾಗಿಯೇ ಉಳಿದಿತ್ತು.

ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿತ್ತು. ಕೆಳಗೆ ಮುನ್ಸಿಫ್ ಅದಾಲತ್, ಅದರ ಮೇಲೆ ಜಿಲ್ಲಾ ಅದಾಲತ್, ಅದರ ಮೇಲೆ ಹೈದರಾಬಾದಿನ ಹೈಕೋರ್ಟ್. ಮೂಸಿ ನದಿಯ ದಂಡೆಯಲ್ಲಿ ವಿನ್ಸೆಂಟ್ ಎಶ್ ವಿನ್ಯಾಸ ಮಾಡಿದ ಆ ಹೈಕೋರ್ಟ್ ಕಟ್ಟಡ 1920ರಲ್ಲಿ ಉದ್ಘಾಟನೆ ಆಯಿತು. ಹೈಕೋರ್ಟಿನ ಮೇಲೆ 'ಜ್ಯುಡಿಷಿಯಲ್ ಕಮಿಟಿ' ಇತ್ತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಅಲ್ಲಿನ ದೊರೆಗೆ ಸಲಹೆ ಕೊಟ್ಟಂತೆ ಇದು ನಿಜಾಮರಿಗೆ ಸಲಹೆ ಕೊಡುತ್ತಿತ್ತು. ಇದಲ್ಲದೆ ದೊಡ್ಡ ಜಾಗೀರು ಮತ್ತು ಪಾಯಗಾಗಳಿಗೆ ತಮ್ಮದೇ ನ್ಯಾಯಾಲಯಗಳಿದ್ದವು. ನಮ್ಮ ಜಿಲ್ಲೆಯಲ್ಲೂ ಅಂಥ ಹಳ್ಳಿಗಳು ಬಹಳ. 1949ರಲ್ಲಿ ಜಾಗೀರು ರದ್ದಾಗುವವರೆಗೆ ನೀವು ಯಾವ ಹಳ್ಳಿಯಲ್ಲಿ ಹುಟ್ಟಿದ್ದೀರಿ ಎಂಬುದರ ಮೇಲೆ ನಿಮ್ಮ ನ್ಯಾಯಾಲಯ ಬೇರೆಯಾಗುತ್ತಿತ್ತು.

4. ಕಾಗದದಲ್ಲಿ ಏನಿತ್ತು

ನಾನು ಉರ್ದು ಅಚ್ಚಿನಲ್ಲಿ ಓದುತ್ತೇನೆ, ಆದರೆ ಈ ಕಾಗದ ಶಿಕಸ್ತಾ ಬರಹದಲ್ಲಿತ್ತು. ಅಕ್ಷರಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿದ್ದವು. ಹಾಗಾಗಿ ಒಂದು ಭಾನುವಾರ ಭಾಲ್ಕಿಯಲ್ಲಿರುವ ನಾನಾ ಹತ್ತಿರ ಹೋದೆವು. ನಾನಾ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ.

ತಾರೀಖು ಬಹಮನ್ ತಿಂಗಳು, 1341 ಫಸ್ಲಿ. ಇಲ್ಲಿ ನಮ್ಮ ಲೆಕ್ಕ ಉಪಯೋಗಕ್ಕೆ ಬಂತು. ಹೈದರಾಬಾದಿನ ಫಸ್ಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. ಡಿಸೆಂಬರ್‌ವರೆಗೆ 590, ಆಮೇಲೆ 591 ಕೂಡಿಸಬೇಕು. ಬಹಮನ್ ಮೂರನೇ ತಿಂಗಳು. ಅಂದರೆ 1931ರ ಡಿಸೆಂಬರ್ ಸುಮಾರು, ಆ ಫರ್ಮಾನಿನ ಹತ್ತು ವರ್ಷದ ನಂತರ.

ಮೊಕದ್ದಮೆ ನಮ್ಮ ಪರದಾದಾ ಹಾಕಿದ್ದು. ಎದುರಾಳಿ ಊರಿನ ದೊಡ್ಡ ಜಮೀನುದಾರ. ತಹಸೀಲ್ ಕಚೇರಿಯಲ್ಲಿ ಅವರ ಮಾತು ನಡೆಯುತ್ತಿತ್ತಂತೆ. ಮುನ್ಸಿಫರು ಸಾಕ್ಷಿ ಕೇಳಿ, ಬಾವಿ ನೀರು ಇಬ್ಬರಿಗೂ ಪಾಳಿಯ ಪ್ರಕಾರ, 'ರಾಸ್ತಾ' ಇಬ್ಬರಿಗೂ ಎಂದು ತೀರ್ಪು ಕೊಟ್ಟಿದ್ದಾರೆ. ಪರದಾದಾ ಕೇಳಿದ್ದೆಲ್ಲ ಸಿಕ್ಕಿಲ್ಲ, ಅವರು ಕೇಳಿದ ನಷ್ಟದ ಹಣವನ್ನು ಮುನ್ಸಿಫರು ತಳ್ಳಿಹಾಕಿದ್ದಾರೆ. ಹಿಂದಿನ ಪುಟದಲ್ಲಿ ಜಿಲ್ಲಾ ಅದಾಲತ್ತಿನ ಮೊಹರು, ಪಕ್ಕದಲ್ಲಿ ಎರಡೇ ಪದ: 'ಅಪೀಲ್ ಖಾರಿಜ್'. ಜಮೀನುದಾರರು ಮೇಲಿನ ಮೆಟ್ಟಿಲು ಹತ್ತಿದ್ದರು, ಅಲ್ಲಿಯೂ ಸೋತರು.

ಕಾಗದದ ಮೇಲೆ 'ಸರ್ಕಾರ್ ಎ ಆಲಿ' ಎಂದು ನಿಜಾಮ್ ಸರ್ಕಾರದ ಹೆಸರಿದೆ. ಕೆಳಗೆ ಸಹಿ ಮುನ್ಸಿಫರದು. ನಾನಾ ಹೇಳಿದರು, "ಬೇಟಾ, ಅದೇ ಮೊಕದ್ದಮೆ ತಹಸೀಲ್ದಾರರ ಮುಂದೆ ಹೋಗಿದ್ದರೆ ಈ ಕಾಗದ ಇರುತ್ತಿತ್ತೋ ಇಲ್ಲವೋ, ಅಲ್ಲಾಹನಿಗೇ ಗೊತ್ತು."

ಹಾಗಾದರೆ ನಿಜಾಮರ ನ್ಯಾಯಾಂಗ ಸ್ವತಂತ್ರವಾಗಿತ್ತೇ? ಮೂರು ಪ್ರಶ್ನೆ ಕೇಳಿ ನೋಡೋಣ. ಹೈಕೋರ್ಟ್ ನ್ಯಾಯಾಧೀಶರನ್ನು ನೇಮಿಸುವವರು ನಿಜಾಮರು. ತೆಗೆಯುವ ಅಧಿಕಾರವೂ ಅವರದೇ. ಕೊನೆಯ ಮೇಲ್ಮನವಿಯೂ ಅವರಿಗೇ. ಕೆಳಗಿನ ಮೆಟ್ಟಿಲಲ್ಲಿ ನ್ಯಾಯಾಂಗ ಬೇರೆಯಾಗಿತ್ತು, ಮೇಲಿನ ಮೆಟ್ಟಿಲಲ್ಲಿ ಎಲ್ಲ ಒಬ್ಬರ ಕೈಯಲ್ಲೇ ಇತ್ತು. ನಮ್ಮ ಪರದಾದಾಗೆ ನ್ಯಾಯ ಸಿಕ್ಕಿತು ಎಂದು ನಾನು ಸಂತೋಷ ಪಡುತ್ತೇನೆ. ಆದರೆ ಅವರ ಎದುರಾಳಿ ಜಮೀನುದಾರ ಆಗಿರದೆ ಸ್ವತಃ ಸರ್ಕಾರವೇ ಆಗಿದ್ದರೆ, ಮೇಲೆ ಕೇಳುವವರು ಯಾರೂ ಇರಲಿಲ್ಲ. ಒಳ್ಳೆಯ ಫರ್ಮಾನು ಬೇರೆ, ಹಕ್ಕು ಬೇರೆ. ಫರ್ಮಾನನ್ನು ಕೊಟ್ಟವರೇ ಹಿಂದಕ್ಕೆ ಪಡೆಯಬಹುದು.

5. ಅದೇ ನಿಜಾಮರು, ಬೇರೆ ಸ್ಥಾನ

1949ರ ನವೆಂಬರ್‌ನಲ್ಲಿ ಏಳನೇ ನಿಜಾಮರು ಭಾರತದ ಸಂವಿಧಾನವನ್ನು ಒಪ್ಪಿ ಫರ್ಮಾನು ಹೊರಡಿಸಿದರು. 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ದೇಶ ಗಣರಾಜ್ಯವಾಗಿತ್ತು, ಆದ್ದರಿಂದ ಇದನ್ನು ರಾಜಪ್ರಭುತ್ವ ಎನ್ನಲಾಗದು. ಆದರೂ ಸಂವಿಧಾನದೊಳಗೆ ಒಬ್ಬ ನಿಜಾಮರು ಇದ್ದದ್ದು ಬೀದರ್ ನೋಡಿದ್ದು ಆ ಆರು ವರ್ಷ ಮಾತ್ರ.

ಈಗ ಉತ್ತರಗಳು ಬದಲಾದವು. ಹೈಕೋರ್ಟ್ ನ್ಯಾಯಾಧೀಶರನ್ನು ನೇಮಿಸುವವರು ರಾಷ್ಟ್ರಪತಿ, ರಾಜಪ್ರಮುಖರ ಜೊತೆ ಸಮಾಲೋಚನೆ ಮಾತ್ರ. ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು. ಕೊನೆಯ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ಸಂವಿಧಾನದ 374ನೇ ವಿಧಿಯ 4ನೇ ಖಂಡವನ್ನು ಓದಿ ನೋಡಿ. ಇಂಥ ರಾಜ್ಯಗಳಲ್ಲಿ ಪ್ರಿವಿ ಕೌನ್ಸಿಲ್‌ನಂತೆ ಕೆಲಸ ಮಾಡುತ್ತಿದ್ದ ಸಂಸ್ಥೆಗಳ ಅಧಿಕಾರ ನಿಂತು, ಅಲ್ಲಿ ಬಾಕಿ ಇದ್ದ ಮೇಲ್ಮನವಿಗಳೆಲ್ಲ ಸುಪ್ರೀಂ ಕೋರ್ಟಿಗೆ ಹೋದವು. ನಿಜಾಮರು ಬದಲಾಗಲಿಲ್ಲ, ಅವರ ಸುತ್ತ ಗೆರೆ ಬಂತು.

6. ಇಂದಿನ ಮೆಟ್ಟಿಲುಗಳು

1956ರ ನವೆಂಬರ್ 1ರಂದು ಉದಗೀರ್, ನಿಲಂಗಾ, ಅಹ್ಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ಹೈಕೋರ್ಟ್ ಹೈದರಾಬಾದಿನಿಂದ ಬೆಂಗಳೂರಿಗೆ, ಸುಮಾರು 700 ಕಿಲೋಮೀಟರ್ ದೂರಕ್ಕೆ ಹೋಯಿತು. 2008ರ ಜುಲೈನಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಈಗ ಔರಾದ್ ರೈತನ ಮೆಟ್ಟಿಲುಗಳು: ಔರಾದ್ ಸಿವಿಲ್ ನ್ಯಾಯಾಲಯ, ಬೀದರ್ ಜಿಲ್ಲಾ ನ್ಯಾಯಾಲಯ, ಕಲಬುರಗಿ ಹೈಕೋರ್ಟ್ ಪೀಠ, ದೆಹಲಿಯ ಸುಪ್ರೀಂ ಕೋರ್ಟ್. ಕೆಳ ನ್ಯಾಯಾಲಯಗಳ ನಿಯಂತ್ರಣ 235ನೇ ವಿಧಿಯಂತೆ ಹೈಕೋರ್ಟಿನದು, ಜಿಲ್ಲಾಧಿಕಾರಿಯದಲ್ಲ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕು ಎಂದು 50ನೇ ವಿಧಿ ಹೇಳುತ್ತದೆ.

ಔರಾದ್ ನ್ಯಾಯಾಲಯದ ವರಾಂಡದಲ್ಲಿ ಕುಳಿತಾಗ ಇನ್ನೊಂದು ವಿಷಯ ಗಮನಿಸಿದೆ. ಪುಸ್ತಕದ 'ನ್ಯಾಯಾಂಗ' ನನಗೆ ಕಷ್ಟದ ಪದ. ಆದರೆ ಅಲ್ಲಿ ಕಿವಿಗೆ ಬಿದ್ದದ್ದು ವಕೀಲ, ವಕಾಲತ್ತು, ಜಾಮೀನು, ತಕರಾರು, ಹಾಜರು, ರಾಜಿ, ಖುಲಾಸೆ. ಎಲ್ಲ ನಮ್ಮ ಮನೆಯ ಮಾತುಗಳೇ, ಕನ್ನಡದವರ ಬಾಯಲ್ಲಿ ಕನ್ನಡವೇ.

ವಕೀಲರು ನಾನು ಬರೆದ ಕನ್ನಡ ಪ್ರತಿಯನ್ನು ಎರಡು ಸಲ ಓದಿದರು. "ಇದನ್ನು ಕೋರ್ಟಿಗೆ ಕೊಡಲು ಆಗೋದಿಲ್ಲ. ನೀನು ಮನೆಯವರು, ಅದೂ ಇನ್ನೂ ಹದಿನೇಳು. ಅಧಿಕೃತ ಅನುವಾದ ಮಾಡಿಸಬೇಕು. ಆದರೆ ಹಳೆಯ ತೀರ್ಪನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು" ಎಂದರು. ಅಬ್ಬಾ ಕೇಳಿದರು, "ಗೆಲ್ತೀವಾ ಸಾಹೇಬರೇ?" ವಕೀಲರು, "ಅದನ್ನ ಜಡ್ಜ್ ಸಾಹೇಬರೇ ಹೇಳಬೇಕು" ಎಂದರು. ಆಚೆ ಹೊಲದವರ ಹತ್ತಿರವೂ ಏನಾದರೂ ಕಾಗದ ಇರಬಹುದು. ಅವರದನ್ನೂ ಅದೇ ನ್ಯಾಯಾಧೀಶರು ಓದುತ್ತಾರೆ. ಮುಂದಿನ ತಾರೀಖು ಕೊಟ್ಟಿದ್ದಾರೆ.

7. ನೆನಪಿಡಬೇಕಾದ ಅಂಶಗಳು

• ರಾಜ ಇದ್ದಾನೋ ಇಲ್ಲವೋ ಎಂಬುದರಿಂದ ನ್ಯಾಯಾಂಗದ ಸ್ವಾತಂತ್ರ್ಯ ಗೊತ್ತಾಗುವುದಿಲ್ಲ. ನೇಮಕ, ವಜಾ, ಕೊನೆಯ ಮೇಲ್ಮನವಿ, ಈ ಮೂರನ್ನು ನೋಡಬೇಕು.
• ಬ್ರಿಟನ್ನಿನಂಥ ಸಾಂವಿಧಾನಿಕ ರಾಜಪ್ರಭುತ್ವದಲ್ಲಿ ನ್ಯಾಯ ರಾಜನ ಹೆಸರಿನಲ್ಲಿ ನಡೆಯುತ್ತದೆ, ರಾಜನಿಂದಲ್ಲ.
• ಹೈದರಾಬಾದಿನಲ್ಲಿ 1921ರ ಫರ್ಮಾನಿನಿಂದ ನ್ಯಾಯಾಂಗ ಕಂದಾಯ ಅಧಿಕಾರಿಗಳಿಂದ ಬೇರೆಯಾಯಿತು. ನಿಜಾಮರಿಂದ ಬೇರೆಯಾದದ್ದು 1950ರಲ್ಲಿ.

ಸರ್ ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರ: ಸಾಧ್ಯ ಸರ್. ಆದರೆ ಮೇಲಿರುವ ಹೆಸರು ಕೆಳಗಿನ ಸಹಿಯನ್ನು ಅಳಿಸಲು ಆಗದಂತೆ ಕಾನೂನು ಇರಬೇಕು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಬಂದರೆ ನೀವೂ ಹೀಗೇ ಬರೆಯಿರಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಓದಲು ಬಾರದ ಕಾಗದ ಇದ್ದರೆ ಎಸೆಯಬೇಡಿ. ಓದಬಲ್ಲ ಹಿರಿಯರು ಇರುವಾಗಲೇ ಹೋಗಿ ಓದಿಸಿಕೊಳ್ಳಿ.