ಸಿಮೆಂಟ್ ಧೂಳು ಮತ್ತು ಬೆಲ್ಟಿನಡಿಯ ತುರಿಕೆ

ಪ್ರಶ್ನೆ: ನನಗೆ 34 ವರ್ಷ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಆರು ವರ್ಷಗಳಿಂದ ಕೆಲಸ. ಮಣಿಕಟ್ಟು, ಕುತ್ತಿಗೆ, ಬೆಲ್ಟ್ ಕಟ್ಟುವ ಜಾಗ ಕೆಂಪಾಗಿ ವಿಪರೀತ ತುರಿಸುತ್ತದೆ, ಕೈ ಬಿರಿದಿದೆ. ರಜೆ ಹಾಕಿ ಊರಿಗೆ ಹೋದರೆ ವಾರದಲ್ಲಿ ಕಡಿಮೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ಆರಾಮ. ಮನೆಯಲ್ಲಿ ಉಷ್ಣ ಅನ್ನುತ್ತಾರೆ. ಮಕ್ಕಳಿಗೆ ಅಂಟುತ್ತದೆಯೇ?

ಉತ್ತರ: ರಜೆಯಲ್ಲಿ ಕಡಿಮೆಯಾಗುತ್ತದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಇದು ಉಷ್ಣವಲ್ಲ, ಸಿಮೆಂಟಿನ ಕೆಲಸ ಇರಬೇಕು. ಹಾಗಿದ್ದರೆ ಯಾರಿಗೂ ಅಂಟುವುದಿಲ್ಲ. ರಾತ್ರಿ ತುರಿಕೆ ಜೋರಾಗಿ, ಮನೆಯವರಿಗೂ ಶುರುವಾಗಿದ್ದರೆ ಮಾತ್ರ ಕಜ್ಜಿಯನ್ನು ಅನುಮಾನಿಸಬೇಕು.

ಒಣ ಸಿಮೆಂಟ್ ಚರ್ಮದ ಪಸೆ ಹೀರುತ್ತದೆ. ಬೆವರು ತಾಗಿತೋ, ಸುಣ್ಣದ ತಿಳಿಯಷ್ಟೇ ಖಾರ: ಪಿಎಚ್ 12ರ ಮೇಲೆ. ನಮ್ಮ ಚರ್ಮದ್ದು 5ರ ಆಸುಪಾಸು. ಕಲಬುರಗಿಯ ಬಿಸಿಲಲ್ಲಿ ಬೆವರು ನಿಲ್ಲುವುದೆಲ್ಲಿ? ಕಾಲರ್, ಬೆಲ್ಟ್, ಗ್ಲೌಸಿನ ಅಂಚು. ನಿಮಗೆ ತುರಿಸುವುದೂ ಅಲ್ಲೇ. ಗ್ಲೌಸಿನೊಳಗೆ ಧೂಳು ಹೊಕ್ಕಿದ್ದರೆ, ಗ್ಲೌಸ್ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ನನ್ನ ಚಿಂತೆ ಕ್ರೋಮಿಯಂ ಅಲರ್ಜಿಯದು. ಸಿಮೆಂಟಿನ ಕ್ರೋಮಿಯಂ ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆ ಅಲರ್ಜಿ ತರಬಹುದು. ಬಂದರೆ ಬಹುಮಟ್ಟಿಗೆ ಜೀವನಪೂರ್ತಿ. ತೊಗಲು ಹದಮಾಡಲೂ ಕ್ರೋಮಿಯಂ ಬಳಸುವುದರಿಂದ ತೊಗಲಿನ ಗ್ಲೌಸ್, ಬೆಲ್ಟುಗಳೇ ಆಮೇಲೆ ತುರಿಸತೊಡಗುತ್ತವೆ. ಇದನ್ನು ಪತ್ತೆಮಾಡುವುದು ಪ್ಯಾಚ್ ಟೆಸ್ಟ್: ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನದ ನಂತರ ತೆಗೆದು ನೋಡುತ್ತಾರೆ, ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಫೆರಸ್ ಸಲ್ಫೇಟ್ ಬೆರೆಸಿದರೆ ಸಿಮೆಂಟಿನ ಈ ಕಾಟ ತಗ್ಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಅಪಾಯಕಾರಿ ಕ್ರೋಮಿಯಂಗೆ 2 ಪಿಪಿಎಂ ಮಿತಿಯಿದೆ. ಅಂದರೆ ಇದು ಕಾರ್ಮಿಕರ ಹಣೆಬರಹವೇನಲ್ಲ.

ಆ ಟ್ಯೂಬಿನಲ್ಲಿ ಬಹುಶಃ ಪ್ರಬಲ ಸ್ಟೀರಾಯ್ಡ್ ಇದೆ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ; ಹುಳುಕಡ್ಡಿ ಇದ್ದರೆ ವೇಷ ಮರೆಸಿ ಹರಡುತ್ತದೆ. ಸದ್ಯಕ್ಕೆ ಪಾಳಿ ಮುಗಿದೊಡನೆ ಧಾರಾಳ ನೀರಿನಿಂದ ತೊಳೆದು, ಮೃದು ಸೋಪು ಹಚ್ಚಿ (ಬಟ್ಟೆ ಸೋಪು ಬೇಡವೇ ಬೇಡ), ಒದ್ದೆ ಮೈಗೇ ಪೆಟ್ರೋಲಿಯಂ ಜೆಲ್ಲಿ ಸವರಿ. ಒಳಗೆ ಹತ್ತಿಬಟ್ಟೆಯಿರುವ ನೈಟ್ರೈಲ್ ಗ್ಲೌಸ್ ಕೇಳಿ ಪಡೆಯಿರಿ. ಕಂಪ್ರೆಸರ್ ಗಾಳಿಯಲ್ಲಿ ಮೈಧೂಳು ಊದಿಸಿಕೊಳ್ಳಬೇಡಿ.

ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿಂದಲೇ ಚರ್ಮತಜ್ಞರ ಬಳಿ ಹೋಗಿ. ಏನು ಕೆಲಸ, ಎಷ್ಟು ವರ್ಷ ಎಂಬುದನ್ನು ಚೀಟಿಯಲ್ಲಿ ಬರೆಸಿ. ಔದ್ಯೋಗಿಕ ಕಾಯಿಲೆ ಎಂದು ಮುಂದೆ ಕೇಳಬೇಕಾದರೆ ಅದೇ ದಾಖಲೆ. ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.